ನಾಯಿಗೆ ಹಠಾತ್ ಕಾಯಿಲೆ: ಮೊದಲ ಉಪಚಾರ ಮತ್ತು ಖರ್ಚಿನ ಲೆಕ್ಕಾಚಾರ

ಹಸು, ಎಮ್ಮೆ, ಎತ್ತುಗಳಿಗೆ ಕಾಯಿಲೆ ಬಂದರೆ ಏನು ಮಾಡಬೇಕೆಂಬುದು ರೈತರಿಗೆ ಸಾಕಷ್ಟು ತಿಳಿದಿರುತ್ತದೆ. ಅವುಗಳ ಚಿಕಿತ್ಸೆಗೆ ಮಾಡಿದ ಖರ್ಚು ಹಾಲಿನ ರೂಪದಲ್ಲೋ ದುಡಿಮೆಯ ರೂಪದಲ್ಲೋ ಹಿಂದಿರುಗುತ್ತದೆಂಬ ಲೆಕ್ಕವೂ ಇರುತ್ತದೆ. ನಾಯಿಯ ವಿಷಯ ಹಾಗಲ್ಲ. ಅದು ತೋಟ ಕಾಯುತ್ತದೆ, ಕುರಿಮಂದೆಯ ಜೊತೆ ನಡೆಯುತ್ತದೆ, ರಾತ್ರಿ ಕಣದಲ್ಲಿ ಕಾವಲಿರುತ್ತದೆ, ಮನೆಯ ಮಕ್ಕಳೊಂದಿಗೆ ಬೆಳೆಯುತ್ತದೆ. ಆದರೆ ಅದರ ಬೆಲೆಯನ್ನು ಯಾರೂ ರೂಪಾಯಿಗಳಲ್ಲಿ ಹೇಳಲಾರರು. ಅಂತಹ ನಾಯಿ ಒಂದು ಬೆಳಿಗ್ಗೆ ಏಳಲಾರದೆ ಮಲಗಿದಾಗ ಮನೆಯವರಿಗೆ ಎರಡು ಸಂಕಟಗಳು ಒಟ್ಟಿಗೇ ಬರುತ್ತವೆ. ಇದು ಬದುಕುತ್ತದೆಯೇ ಎಂಬುದು ಒಂದು. ಇದಕ್ಕೆ ಎಷ್ಟು ಖರ್ಚು ಮಾಡಬಹುದು ಎಂಬುದು ಇನ್ನೊಂದು.

ಈ ಎರಡು ಪ್ರಶ್ನೆಗಳನ್ನೂ ಮುಚ್ಚಿಡದೆ ಮೊದಲ ದಿನವೇ ಪಶುವೈದ್ಯರ ಮುಂದೆ ಇಡುವುದು ಒಳ್ಳೆಯದು. ಮೊದಲ ಕೆಲವು ಗಂಟೆಗಳಲ್ಲಿ ಸರಿಯಾದ ಕೆಲಸ ಮಾಡಿದರೆ ನಾಯಿಯೂ ಉಳಿಯುತ್ತದೆ, ಹಣವೂ ಉಳಿಯುತ್ತದೆ. ಎರಡು ಮೂರು ದಿನ ನೋಡೋಣವೆಂದು ಕಾದರೆ ಖರ್ಚು ಹೆಚ್ಚುತ್ತದೆ, ಬದುಕುವ ಸಂಭವ ಕಡಿಮೆಯಾಗುತ್ತದೆ.

ಅಪಾಯದ ಲಕ್ಷಣಗಳು

ನಾಯಿಯು ಒಂದು ಹೊತ್ತು ಊಟ ಬಿಟ್ಟರೆ ಗಾಬರಿಪಡಬೇಕಾಗಿಲ್ಲ. ಆದರೆ ಈ ಕೆಳಗಿನ ಯಾವುದೇ ಲಕ್ಷಣ ಕಂಡುಬಂದರೆ ಅದೇ ದಿನ ವೈದ್ಯರ ಬಳಿಗೆ ಒಯ್ಯತಕ್ಕದ್ದು.

1. ಮೇಲಿಂದ ಮೇಲೆ ವಾಂತಿ, ರಕ್ತ ಬೆರೆತ ಅಥವಾ ದುರ್ವಾಸನೆಯ ಭೇದಿ.
2. ವಸಡುಗಳು ಬಿಳಿಚಿಕೊಂಡಿರುವುದು, ಹಳದಿಯಾಗಿರುವುದು ಅಥವಾ ನೀಲಿಯಾಗಿರುವುದು.
3. ಕಾಫಿ ಬಣ್ಣದ ಇಲ್ಲವೆ ಕೆಂಪು ಮೂತ್ರ, ಮೂಗಿನಿಂದ ರಕ್ತ.
4. ಹೊಟ್ಟೆ ಉಬ್ಬಿ ಬಿಗಿಯಾಗಿದ್ದು, ವಾಂತಿಗೆ ತಿಣುಕಿದರೂ ಏನೂ ಹೊರಬಾರದಿರುವುದು.
5. ಸೆಳೆತ, ನಡುಕ, ಬಾಯಿಂದ ಜೊಲ್ಲು ಸುರಿಯುವುದು, ಹಿಂಗಾಲುಗಳ ಸ್ವಾಧೀನ ತಪ್ಪುವುದು.
6. ಕುಳಿತಲ್ಲಿಯೇ ಏದುಸಿರು ಬಿಡುವುದು.

ಆರೋಗ್ಯವಾಗಿರುವ ನಾಯಿಯ ಮೈಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಮನುಷ್ಯರ ಶಾಖಕ್ಕಿಂತ ಇದು ಹೆಚ್ಚು. ಆದ್ದರಿಂದ ಮೈ ಮುಟ್ಟಿ ಜ್ವರ ಅಳೆಯುವುದು ಸರಿಯಲ್ಲ. ಥರ್ಮಾಮೀಟರಿನ ತುದಿಗೆ ಸ್ವಲ್ಪ ಎಣ್ಣೆ ಸವರಿ ಗುದದ್ವಾರದಲ್ಲಿಟ್ಟು ನೋಡಬೇಕು. 104 ಡಿಗ್ರಿಗಿಂತ ಹೆಚ್ಚು ಅಥವಾ 99 ಡಿಗ್ರಿಗಿಂತ ಕಡಿಮೆ ಇದ್ದರೆ ಅಪಾಯವೆಂದು ತಿಳಿಯಬೇಕು. ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಯಾದ ಜಾಗವು 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಕತ್ತಿನ ಮೇಲಿನ ಚರ್ಮವನ್ನು ಹಿಡಿದೆತ್ತಿ ಬಿಟ್ಟರೆ ಕೂಡಲೇ ಹಿಂದಕ್ಕೆ ಸರಿಯಬೇಕು. ಸರಿಯದೆ ಮಡಿಕೆಯಾಗಿ ನಿಂತರೆ ದೇಹದ ನೀರು ಬಹಳ ಕಡಿಮೆಯಾಗಿದೆ ಎಂದರ್ಥ. ಈ ಮೂರು ಪರೀಕ್ಷೆಗಳಿಗೆ ಐದು ನಿಮಿಷ ಸಾಕು. ಇವುಗಳ ಫಲಿತಾಂಶವನ್ನು ವೈದ್ಯರಿಗೆ ಫೋನಿನಲ್ಲಿ ತಿಳಿಸಿದರೆ ನಾಯಿಯನ್ನು ಎಷ್ಟು ಬೇಗ ತರಬೇಕೆಂದು ಅವರು ಹೇಳಬಲ್ಲರು.

ಮೊದಲು ನಿಮ್ಮ ರಕ್ಷಣೆ

ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿರದ ನಾಯಿಗೆ ಹಠಾತ್ತಾಗಿ ಕಾಯಿಲೆ ಬಂದರೆ ಈ ರೋಗವನ್ನು ಮರೆಯಬಾರದು. ಎಲ್ಲ ಹುಚ್ಚುನಾಯಿಗಳೂ ಅಟ್ಟಿಸಿಕೊಂಡು ಬಂದು ಕಚ್ಚುವುದಿಲ್ಲ. ಕೆಲವು ಮಂಕಾಗಿ ಮೂಲೆಯಲ್ಲಿ ಮಲಗುತ್ತವೆ. ಕೆಳದವಡೆ ಜೋತುಬಿದ್ದು, ಜೊಲ್ಲು ಸುರಿದು, ನೀರು ನುಂಗಲಾರವು. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಎಂದು ಭಾವಿಸಿ ಇಂತಹ ನಾಯಿಯ ಬಾಯಿಗೆ ಕೈ ಹಾಕುವುದು ಪ್ರಾಣಾಪಾಯದ ಕೆಲಸ. ನಾಯಿಯನ್ನು ಕೋಣೆಯೊಂದರಲ್ಲಿ ಕೂಡಿಹಾಕಿ ವೈದ್ಯರಿಗೆ ತಿಳಿಸಿರಿ.

ಕಚ್ಚಿದ, ಪರಚಿದ ಅಥವಾ ಗಾಯದ ಮೇಲೆ ಜೊಲ್ಲು ತಾಗಿದ ಜಾಗವನ್ನು ಸೋಪು ಹಾಗೂ ಹರಿಯುವ ನೀರಿನಿಂದ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯರಿಗಾಗಲಿ ನಾಯಿಗಾಗಲಿ ಇದಕ್ಕೆ ಚಿಕಿತ್ಸೆಯಿಲ್ಲ. ಆದರೆ ಲಕ್ಷಣ ಕಾಣುವ ಮೊದಲೇ ಚುಚ್ಚುಮದ್ದನ್ನು ಸಕಾಲದಲ್ಲಿ ಪೂರ್ತಿ ತೆಗೆದುಕೊಂಡರೆ ರೋಗವನ್ನು ತಡೆಯಬಹುದು.

ಹಠಾತ್ತಾಗಿ ಬರುವ ಮುಖ್ಯ ಕಾಯಿಲೆಗಳು

ಪಾರ್ವೊ ರೋಗ: 1978ರ ಸುಮಾರಿಗೆ ಜಗತ್ತಿನಲ್ಲಿ ಮೊದಲು ಗುರುತಿಸಲಾದ ಈ ವೈರಸ್ ರೋಗವು ಹೆಚ್ಚಾಗಿ 6 ವಾರದಿಂದ 6 ತಿಂಗಳವರೆಗಿನ ಮರಿಗಳನ್ನು ಕಾಡುತ್ತದೆ. ಮೊದಲು ಮಂಕು, ಆಮೇಲೆ ವಾಂತಿ, ಒಂದೆರಡು ದಿನಗಳಲ್ಲಿ ರಕ್ತಭೇದಿ. ಮರಿಯು ಸಾಯುವುದು ಮುಖ್ಯವಾಗಿ ದೇಹದ ನೀರು ಬತ್ತುವುದರಿಂದ ಮತ್ತು ಕರುಳಿನ ಮೂಲಕ ರಕ್ತಕ್ಕೆ ಸೇರುವ ನಂಜಿನಿಂದ. ವೈರಸ್ಸನ್ನೇ ಕೊಲ್ಲುವ ಔಷಧಿ ಬಳಕೆಯಲ್ಲಿಲ್ಲದಿದ್ದರೂ ಡ್ರಿಪ್, ವಾಂತಿ ನಿಲ್ಲಿಸುವ ಮದ್ದು ಹಾಗೂ ಆಂಟಿಬಯೊಟಿಕ್‌ಗಳಿಂದ ಬಹುಪಾಲು ಮರಿಗಳನ್ನು ಉಳಿಸಬಹುದು. ಚಿಕಿತ್ಸೆ ಸಾಮಾನ್ಯವಾಗಿ 5ರಿಂದ 7 ದಿನ ಬೇಕಾಗುತ್ತದೆ.

ಉಣ್ಣೆ ಜ್ವರ: ಕಂದು ಬಣ್ಣದ ನಾಯಿ ಉಣ್ಣೆಯ ಕಡಿತದಿಂದ ಬೇಬಿಸಿಯ, ಎರ್ಲಿಕಿಯ ಎಂಬ ರಕ್ತದ ರೋಗಗಳು ಹರಡುತ್ತವೆ. ಜ್ವರ, ಬಿಳಿಚಿದ ವಸಡು, ಬಣ್ಣದ ಮೂತ್ರ, ಮೂಗಿನ ರಕ್ತಸ್ರಾವ ಇವುಗಳ ಗುರುತು. ಕಿವಿಯ ಅಂಚಿನಿಂದ ತೆಗೆದ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವನ್ನು ಪತ್ತೆ ಮಾಡಬಹುದು. ಇದು ಅಗ್ಗದ ಪರೀಕ್ಷೆ. ಎರ್ಲಿಕಿಯಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯೂ ದುಬಾರಿಯಲ್ಲ. ಆದರೆ ಅದನ್ನು ಸುಮಾರು 4 ವಾರ ಬಿಡದೆ ಕೊಡಬೇಕಾಗುತ್ತದೆ. ನಾಲ್ಕನೆಯ ದಿನ ನಾಯಿ ಎದ್ದು ಓಡಾಡಿತೆಂದು ಮಾತ್ರೆ ನಿಲ್ಲಿಸಬಾರದು.

ಇಲಿ ಜ್ವರ: ಮಳೆಗಾಲದಲ್ಲಿ ಇಲಿಯ ಮೂತ್ರ ಬೆರೆತ ನೀರಿನಿಂದ ಬರುತ್ತದೆ. ಗದ್ದೆಯಲ್ಲಿ ಓಡಾಡುವ ನಾಯಿಗಳಿಗೆ ಅಪಾಯ ಹೆಚ್ಚು. ಜ್ವರ, ವಾಂತಿ, ಕಾಮಾಲೆ ಕಾಣಿಸುತ್ತವೆ. ನಾಯಿಯ ಮೂತ್ರದಿಂದ ಮನುಷ್ಯರಿಗೂ ಹರಡುವುದರಿಂದ ಬರಿಗೈಯಲ್ಲಿ ಮೂತ್ರವನ್ನು ಮುಟ್ಟಬಾರದು.

ವಿಷಪ್ರಾಶನ: ಬೆಳೆಗೆ ಸಿಂಪಡಿಸುವ ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕ ಹೊಟ್ಟೆಗೆ ಹೋದರೆ ಜೊಲ್ಲು, ನಡುಕ, ಭೇದಿ ಕಂಡುಬಂದು ಕಣ್ಣಿನ ಪಾಪೆ ಕಿರಿದಾಗುತ್ತದೆ. ಅಟ್ರೊಪಿನ್ ಚುಚ್ಚುಮದ್ದು ಇದಕ್ಕೆ ಪ್ರತ್ಯೌಷಧ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಲಿಪಾಷಾಣ ತಿಂದ ನಾಯಿ ಎರಡು ಮೂರು ದಿನ ಚೆನ್ನಾಗಿಯೇ ಇದ್ದು ನಂತರ ರಕ್ತಸ್ರಾವಕ್ಕೆ ಗುರಿಯಾಗುತ್ತದೆ. ಇದಕ್ಕೆ ವಿಟಮಿನ್ ಕೆ1 ಕೊಡುತ್ತಾರೆ. ಜಿಂಕ್ ಫಾಸ್ಫೈಡ್ ತಿಂದ ನಾಯಿಯ ವಾಂತಿಯಿಂದ ವಿಷಾನಿಲ ಬರುತ್ತದೆ. ಆದ್ದರಿಂದ ಅಂತಹ ನಾಯಿಯನ್ನು ಬಯಲು ಗಾಳಿಯಲ್ಲಿಯೇ ಇಡಬೇಕು, ಅದಕ್ಕೆ ಏನನ್ನೂ ತಿನ್ನಿಸಬಾರದು. ಒಂದೊಂದು ವಿಷಕ್ಕೆ ಒಂದೊಂದು ಚಿಕಿತ್ಸೆ ಇರುವುದರಿಂದ ಔಷಧಿಯ ಡಬ್ಬ ಅಥವಾ ಪೊಟ್ಟಣವನ್ನು ತಪ್ಪದೆ ಜೊತೆಗೆ ಒಯ್ಯಿರಿ.

ಹಾವಿನ ಕಡಿತ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಈ ನಾಲ್ಕಕ್ಕೂ ನಮ್ಮ ದೇಶದಲ್ಲಿ ಒಂದೇ ಸಂಯುಕ್ತ ಪ್ರತಿವಿಷವಿದೆ. ಅದು ನಾಯಿಗೂ ಕೆಲಸ ಮಾಡುತ್ತದೆ. ಕಡಿದ ಜಾಗವನ್ನು ಕೊಯ್ಯುವುದು, ಹಗ್ಗದಿಂದ ಬಿಗಿಯುವುದು ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು ಹೋಗಬೇಕು.

ಹೊಟ್ಟೆ ತಿರುಚಿಕೊಳ್ಳುವುದು: ಮುಧೋಳದಂತಹ ಆಳವಾದ ಎದೆಯ ನಾಯಿಗಳಲ್ಲಿ ಹಾಗೂ ದೊಡ್ಡ ಜಾತಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವ ಅಪಾಯ ಹೆಚ್ಚು. ಇದಕ್ಕೆ ಶಸ್ತ್ರಚಿಕಿತ್ಸೆಯೊಂದೇ ದಾರಿ. ಕೆಲವೇ ಗಂಟೆಗಳಲ್ಲಿ ಸಾವು ಬರಬಹುದು.

ಗರ್ಭಕೋಶದ ಕೀವು: ಮರಿ ಹಾಕುವುದನ್ನು ನಿಲ್ಲಿಸುವ ಶಸ್ತ್ರಚಿಕಿತ್ಸೆ ಆಗಿರದ, ವಯಸ್ಸಾದ ಹೆಣ್ಣು ನಾಯಿಗಳಲ್ಲಿ ಬೆದೆಗೆ ಬಂದ ಒಂದೆರಡು ತಿಂಗಳೊಳಗೆ ಕಾಣಿಸುತ್ತದೆ. ವಿಪರೀತ ನೀರು ಕುಡಿಯುವುದು, ಊಟ ಬಿಡುವುದು, ಯೋನಿಯಿಂದ ಕೀವು ಸೋರುವುದು ಇದರ ಲಕ್ಷಣಗಳು. ಕೆಲವೊಮ್ಮೆ ಕೀವು ಹೊರಗೆ ಬಾರದೆ ಒಳಗೇ ತುಂಬಿಕೊಳ್ಳುತ್ತದೆ. ಇದು ಇನ್ನೂ ಅಪಾಯಕರ.

ಬಿಸಿಲಾಘಾತ: ಮೈಶಾಖ 105 ಡಿಗ್ರಿ ದಾಟಿ ನಾಯಿ ತತ್ತರಿಸುತ್ತಿದ್ದರೆ ನೆರಳಿಗೆ ತಂದು ಸಾಧಾರಣ ತಣ್ಣೀರನ್ನು ಮೈಮೇಲೆ ಸುರಿದು ಗಾಳಿ ಬೀಸಿರಿ. ಶಾಖ 103 ಡಿಗ್ರಿಗೆ ಇಳಿದೊಡನೆ ನೀರು ನಿಲ್ಲಿಸಿ ಆಸ್ಪತ್ರೆಗೆ ಒಯ್ಯಿರಿ.

ಮಾಡಬಾರದ ಕೆಲಸಗಳು

ಮನೆಯಲ್ಲಿರುವ ಜ್ವರದ ಹಾಗೂ ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಬಾರದು. ಐಬುಪ್ರೊಫೆನ್, ಡೈಕ್ಲೊಫಿನಾಕ್‌ಗಳಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ಮೂತ್ರಪಿಂಡ ಕೆಡುತ್ತದೆ. ಪ್ಯಾರಾಸಿಟಮಾಲ್ ಹೆಚ್ಚಾದರೆ ಯಕೃತ್ತಿಗೆ ಅಪಾಯ. ಪ್ರಜ್ಞೆ ತಪ್ಪಿದ ನಾಯಿಯ ಬಾಯಿಗೆ ನೀರು, ಹಾಲು, ಎಣ್ಣೆ ಹೊಯ್ಯಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ದನಗಳಿಗೆಂದು ತಂದ ಉಣ್ಣೆನಾಶಕವನ್ನು ಅದೇ ಪ್ರಮಾಣದಲ್ಲಿ ನಾಯಿಗೆ ಹಚ್ಚಬಾರದು. ಅರಿವಿಲ್ಲದೆ ಮಾಡುವ ಇಂತಹ ಉಪಚಾರದಿಂದ ಒಂದು ಕಾಯಿಲೆಯ ಜಾಗದಲ್ಲಿ ಎರಡಾಗುತ್ತವೆ, ಖರ್ಚೂ ಇಮ್ಮಡಿಯಾಗುತ್ತದೆ.

ಖರ್ಚಿನ ಬಗ್ಗೆ ವೈದ್ಯರೊಂದಿಗೆ ಮಾತು

ನಮ್ಮಲ್ಲಿ ಅನೇಕರಿಗೆ ವೈದ್ಯರ ಮುಂದೆ ಹಣದ ಮಾತು ಎತ್ತಲು ಸಂಕೋಚ. ನಾಯಿಯ ಮೇಲೆ ಪ್ರೀತಿಯಿಲ್ಲವೆಂದು ತಿಳಿದಾರು ಎಂಬ ಅಳುಕು ಒಂದು ಕಡೆ, ನಾಯಿಗೆ ಇಷ್ಟು ಸುರಿಯುತ್ತಾನಲ್ಲ ಎಂದು ನೆರೆಯವರು ನಕ್ಕಾರು ಎಂಬ ಅಳುಕು ಇನ್ನೊಂದು ಕಡೆ. ಎರಡನ್ನೂ ಬದಿಗಿಡಬೇಕು. ನಿಮ್ಮ ಶಕ್ತಿ ಎಷ್ಟೆಂದು ತಿಳಿದರೆ ವೈದ್ಯರು ಅದಕ್ಕೆ ತಕ್ಕ ಚಿಕಿತ್ಸೆಯನ್ನು ಯೋಜಿಸಬಲ್ಲರು. ಪರೀಕ್ಷೆ ಮುಗಿದೊಡನೆ ಈ ಐದು ಪ್ರಶ್ನೆಗಳನ್ನು ಕೇಳಿರಿ.

1. ಕಾಯಿಲೆ ಯಾವುದು? ಖಚಿತವೋ, ಅನುಮಾನವೋ?
2. ಚಿಕಿತ್ಸೆ ಕೊಟ್ಟರೆ ಬದುಕುವ ಸಂಭವ ಎಷ್ಟು? ಕೊಡದಿದ್ದರೆ?
3. ಎಷ್ಟು ದಿನ ಬೇಕು? ಒಟ್ಟು ಖರ್ಚು ಕನಿಷ್ಠ ಎಷ್ಟು, ಗರಿಷ್ಠ ಎಷ್ಟು?
4. ಯಾವ ಪರೀಕ್ಷೆಯ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆ? ಯಾವುದನ್ನು ಬಿಡಬಹುದು?
5. ವಾಸಿಯಾದ ಮೇಲೆ ನಾಯಿ ಮೊದಲಿನಂತೆ ಇರುತ್ತದೆಯೇ? ಜೀವನಪೂರ್ತಿ ಔಷಧಿ ಬೇಕೇ?

ಒಂದೇ ಕಾಯಿಲೆಗೆ ಹಲವು ವೇಳೆ ಎರಡು ದಾರಿಗಳಿರುತ್ತವೆ. ಪಾರ್ವೊ ರೋಗವನ್ನೇ ನೋಡಿ. ಅಮೆರಿಕದ ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 40 ನಾಯಿಗಳಿಗೆ ಮೊದಲು ರಕ್ತನಾಳದ ಮೂಲಕ ದ್ರವ ಕೊಟ್ಟು ಚೇತರಿಸಿಕೊಳ್ಳುವಂತೆ ಮಾಡಲಾಯಿತು. ಆಮೇಲೆ 20 ನಾಯಿಗಳಿಗೆ ಆಸ್ಪತ್ರೆಯಲ್ಲಿ ಡ್ರಿಪ್ ಮುಂದುವರಿಸಿದರು. ಉಳಿದ 20 ನಾಯಿಗಳಿಗೆ ಮನೆಯಲ್ಲಿ ಕೊಡಬಹುದಾದ ರೀತಿಯ ಸರಳ ಚಿಕಿತ್ಸೆಯನ್ನು, ಅಂದರೆ ಚರ್ಮದ ಕೆಳಗೆ ದ್ರವ, ವಾಂತಿ ನಿಲ್ಲಿಸುವ ಮದ್ದು ಹಾಗೂ ದೀರ್ಘಕಾಲ ಕೆಲಸ ಮಾಡುವ ಆಂಟಿಬಯೊಟಿಕ್ ಚುಚ್ಚುಮದ್ದನ್ನು ಕೊಟ್ಟರು. ಮೊದಲ ಗುಂಪಿನಲ್ಲಿ 18, ಎರಡನೆಯ ಗುಂಪಿನಲ್ಲಿ 16 ನಾಯಿಗಳು ಬದುಕಿದವು. ಒಳರೋಗಿಯಾಗಿ ಸೇರಿಸುವುದು ಮೇಲು. ಆದರೆ ಅದಕ್ಕೆ ಹಣವಿಲ್ಲವೆಂದ ಮಾತ್ರಕ್ಕೆ ಕೈಚೆಲ್ಲಿ ಕೂರಬೇಕಾಗಿಲ್ಲ ಎಂಬುದನ್ನು ಇದರಿಂದ ತಿಳಿಯಬಹುದು. ದಿನವೂ ಆಸ್ಪತ್ರೆಗೆ ಒಯ್ದು ಮದ್ದು ಹಾಕಿಸಿ, ಮನೆಯಲ್ಲಿ ಶ್ರದ್ಧೆಯಿಂದ ನೋಡಿಕೊಂಡರೂ ಅನೇಕ ಮರಿಗಳು ಉಳಿಯುತ್ತವೆ.

ಹೊಟ್ಟೆ ತಿರುಚಿಕೊಂಡಾಗ ಮಾತ್ರ ಇಂತಹ ಅಗ್ಗದ ದಾರಿಯಿಲ್ಲ. ಅಲ್ಲಿ ಶಸ್ತ್ರಚಿಕಿತ್ಸೆ ಮಾಡಿಸುವುದು, ಇಲ್ಲವೆ ನಾಯಿ ನರಳದಂತೆ ಮಾಡುವುದು ಎಂಬ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ.

ಖರ್ಚು ಕಡಿಮೆ ಮಾಡುವ ದಾರಿಗಳು

ಮೊದಲು ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಯನ್ನು ವಿಚಾರಿಸಿರಿ. ಅಲ್ಲಿ ಖಾಸಗಿ ಚಿಕಿತ್ಸಾಲಯಗಳಿಗಿಂತ ಖರ್ಚು ಬಹಳ ಕಡಿಮೆ. ಕೆಲವು ಔಷಧಿಗಳನ್ನು ಹೊರಗಿನಿಂದ ತರಬೇಕಾಗಬಹುದು. ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದಾಗ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಕಾಲೇಜಲ್ಲದೆ ಬೀದರ್, ಶಿವಮೊಗ್ಗ, ಹಾಸನ, ಗದಗಗಳಲ್ಲಿಯೂ ಕಾಲೇಜುಗಳಿವೆ. ಸಂಚಾರಿ ಪಶು ಚಿಕಿತ್ಸಾ ಘಟಕದ ಉಚಿತ ಕರೆ ಸಂಖ್ಯೆ 1962. ಇದು ಮುಖ್ಯವಾಗಿ ಜಾನುವಾರುಗಳಿಗಾಗಿ ಇರುವುದರಿಂದ ನಾಯಿಗೆ ಸೇವೆ ಸಿಗುವುದೇ ಎಂದು ಕೇಳಿ ತಿಳಿದುಕೊಳ್ಳಬೇಕು.

ಒಂದೇ ಔಷಧಿಯು ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಬೇರೆ ಬೇರೆ ಬೆಲೆಗೆ ಸಿಗುತ್ತದೆ. ಕಡಿಮೆ ಬೆಲೆಯದನ್ನು ಬರೆದುಕೊಡಲು ವೈದ್ಯರನ್ನು ಕೇಳಬಹುದು. ಪರೀಕ್ಷೆಯ ವರದಿಗಳನ್ನು ಕಡತ ಮಾಡಿ ಇಟ್ಟರೆ ಬೇರೆ ಆಸ್ಪತ್ರೆಗೆ ಹೋದಾಗ ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕಾಗಿಲ್ಲ. ಕೆಲವು ವಿಮಾ ಕಂಪನಿಗಳು ಈಗ ನಾಯಿಗಳಿಗೂ ವಿಮೆ ಮಾಡುತ್ತಿವೆ. ಆದರೆ ಆಗಲೇ ಇರುವ ಕಾಯಿಲೆಗೆ ಹಣ ಸಿಗುವುದಿಲ್ಲ. ಆದ್ದರಿಂದ ನಿಬಂಧನೆಗಳನ್ನು ಓದಿಯೇ ಸಹಿ ಮಾಡಬೇಕು. ಇದಕ್ಕಿಂತ ಸುಲಭವಾದದ್ದು, ಹಾಲಿನ ಬಟವಾಡೆ ಬಂದಾಗಲೆಲ್ಲ ಸ್ವಲ್ಪ ಹಣವನ್ನು ನಾಯಿಯ ಹೆಸರಿನಲ್ಲಿ ಬೇರೆ ತೆಗೆದಿಡುವುದು.

ಸಾಲದ ವಿಷಯದಲ್ಲಿ ಎಚ್ಚರಿಕೆ ಬೇಕು. ಗಾಬರಿಯ ರಾತ್ರಿ ಒಡವೆ ಅಡವಿಡುವುದು, ಕರೆಯುವ ಹಸುವನ್ನು ಮಾರುವುದು ತರವಲ್ಲ. ಮನೆಯವರೆಲ್ಲರೂ ಕುಳಿತು ಇಷ್ಟರವರೆಗೆ ಖರ್ಚು ಮಾಡಬಹುದೆಂದು ಒಂದು ಮೊತ್ತವನ್ನು ಗೊತ್ತು ಮಾಡಿಕೊಳ್ಳಿರಿ. 48 ಗಂಟೆಗಳ ನಂತರ ವೈದ್ಯರೊಂದಿಗೆ ಮತ್ತೆ ಮಾತನಾಡಿ ನಾಯಿ ಚೇತರಿಸಿಕೊಳ್ಳುತ್ತಿದೆಯೇ ಎಂದು ನೋಡಿ ಮುಂದಿನದನ್ನು ತೀರ್ಮಾನಿಸಿರಿ. ಹೀಗೆ ಮಾಡಿದರೆ ಯಾರೊಬ್ಬರ ಮೇಲೂ ತಪ್ಪು ಹೊರಿಸುವ ಪ್ರಸಂಗ ಬರುವುದಿಲ್ಲ.

ಮನೆಯಲ್ಲಿ ಆರೈಕೆ

ಆಸ್ಪತ್ರೆಯಿಂದ ಬಂದ ನಾಯಿಯನ್ನು ಗಾಳಿ ಬೆಳಕಿರುವ, ಒದ್ದೆಯಿಲ್ಲದ ಜಾಗದಲ್ಲಿ ಗೋಣಿತಾಟಿನ ಮೇಲೆ ಮಲಗಿಸಿರಿ. ಏಳಲಾರದಿದ್ದರೆ ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ವಾಂತಿ ನಿಂತ ಮೇಲೆ ವೈದ್ಯರ ಸಲಹೆಯಂತೆ ಚಮಚ ಚಮಚವಾಗಿ ನೀರು, ಆಮೇಲೆ ಮೆತ್ತಗೆ ಬೇಯಿಸಿದ ಅನ್ನದೊಂದಿಗೆ ಮೊಟ್ಟೆ ಅಥವಾ ಮೂಳೆ ತೆಗೆದ ಕೋಳಿಮಾಂಸವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ಔಷಧಿ ಕೊಟ್ಟ ಹೊತ್ತು, ಮೈಶಾಖ, ವಾಂತಿ ಭೇದಿಗಳ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡಿ. ಮನೆಯಲ್ಲಿ ಒಬ್ಬರೇ ಈ ಹೊಣೆ ಹೊತ್ತರೆ ಗೊಂದಲವಾಗದು.

ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ನಾಯಿ ಮಲಗಿದ್ದ ಸಿಮೆಂಟ್ ನೆಲವನ್ನು ತೊಳೆದು, 30 ಪಾಲು ನೀರಿಗೆ 1 ಪಾಲು ಬಟ್ಟೆಗೆ ಬಳಸುವ ಕ್ಲೋರಿನ್ ಬ್ಲೀಚ್ ದ್ರಾವಣ ಬೆರೆಸಿ 10 ನಿಮಿಷ ನೆನೆಸಬೇಕು. ಲಸಿಕೆಯಾಗದ ಹೊಸ ಮರಿಯನ್ನು ಅದೇ ಜಾಗಕ್ಕೆ ತರಬಾರದು.

ಉಳಿಸಲಾಗದಿದ್ದಾಗ

ಎಷ್ಟು ಮಾಡಿದರೂ ಕೆಲವು ನಾಯಿಗಳು ಉಳಿಯುವುದಿಲ್ಲ. ವಾಸಿಯಾಗುವ ಭರವಸೆಯಿಲ್ಲ, ನೋವು ತಡೆಯಲಾಗುತ್ತಿಲ್ಲ ಎಂದು ವೈದ್ಯರು ಹೇಳಿದಾಗ ದಯಾಮರಣದ ಬಗ್ಗೆ ಯೋಚಿಸಬಹುದು. ಅರಿವಳಿಕೆ ಔಷಧಿಯನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ನಾಯಿ ನಿದ್ದೆ ಹೋಗಿ, ನೋವಿಲ್ಲದೆ ಪ್ರಾಣ ಬಿಡುತ್ತದೆ. ಇದು ನಾಯಿಗೆ ಮಾಡಿದ ದ್ರೋಹವಲ್ಲ. ವಿಷ ಹಾಕುವುದು, ಹೊಡೆದು ಕೊಲ್ಲುವುದು, ದೂರದ ಊರಿನಲ್ಲಿ ಬಿಟ್ಟು ಬರುವುದು ಮಾತ್ರ ಕ್ರೌರ್ಯ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ ಪ್ರಕಾರ ಅವು ಅಪರಾಧಗಳೂ ಹೌದು.

ಸತ್ತ ನಾಯಿಯನ್ನು ಬಾವಿ, ಹಳ್ಳಗಳಿಂದ ದೂರದಲ್ಲಿ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು. ದಯಾಮರಣದ ಔಷಧಿ ದೇಹದಲ್ಲಿ ಉಳಿದಿರುವುದರಿಂದ ಹದ್ದು, ನರಿಗಳ ಬಾಯಿಗೆ ಸಿಗುವಂತೆ ಎಸೆಯಬಾರದು. ಹುಚ್ಚುನಾಯಿ ರೋಗದ ಅನುಮಾನವಿದ್ದರೆ ಶವವನ್ನು ಮುಟ್ಟುವ ಮೊದಲು ವೈದ್ಯರಿಗೆ ತಿಳಿಸಬೇಕು.

ಮಕ್ಕಳಿಗೆ ನಾಯಿ ಎಲ್ಲಿಯೋ ಓಡಿಹೋಯಿತೆಂದು ಸುಳ್ಳು ಹೇಳುವುದು ಒಳ್ಳೆಯದಲ್ಲ. ಅವು ದಿನವೂ ದಾರಿ ಕಾಯುತ್ತವೆ. ಕಾಯಿಲೆ ಬಂತು, ನಮ್ಮ ಕೈಲಾದದ್ದು ಮಾಡಿದೆವು, ಉಳಿಯಲಿಲ್ಲ ಎಂದು ನೇರವಾಗಿ ಹೇಳಿರಿ. ದೊಡ್ಡವರಿಗೂ ದುಃಖವಾಗುವುದು ಸಹಜ. ಹತ್ತು ವರ್ಷ ಹೊಸಿಲಲ್ಲಿ ಮಲಗಿದ ಜೀವಕ್ಕಾಗಿ ಕಣ್ಣೀರಿಟ್ಟರೆ ನಾಚಿಕೆಪಡಬೇಕಾದದ್ದೇನೂ ಇಲ್ಲ. ಇನ್ನಷ್ಟು ಹಣವಿದ್ದಿದ್ದರೆ ಎಂಬ ಕೊರಗು ಹಲವರನ್ನು ಕಾಡುತ್ತದೆ. ವೈದ್ಯರು ಹೇಳಿದ್ದನ್ನು ಕೇಳಿ, ಶಕ್ತಿಯಿದ್ದಷ್ಟು ಮಾಡಿದ ಮೇಲೆ ಆ ಕೊರಗಿಗೆ ಕಾರಣವಿಲ್ಲ.

ಮುಂಜಾಗ್ರತೆಯೇ ಮೇಲು

ಮೇಲೆ ಹೇಳಿದ ಕಾಯಿಲೆಗಳಲ್ಲಿ ಹೆಚ್ಚಿನವನ್ನು ತಡೆಯಬಹುದು. ಅದಕ್ಕೆ ತಗಲುವ ಖರ್ಚು ಚಿಕಿತ್ಸೆಯ ಖರ್ಚಿನ ಒಂದು ಸಣ್ಣ ಪಾಲು.

6ರಿಂದ 8 ವಾರ: ಪಾರ್ವೊ ಮತ್ತು ಡಿಸ್ಟೆಂಪರ್ ಸೇರಿದ ಸಂಯುಕ್ತ ಲಸಿಕೆಯ ಮೊದಲ ಚುಚ್ಚುಮದ್ದು.
ಅಲ್ಲಿಂದ 16 ವಾರದವರೆಗೆ: 3ರಿಂದ 4 ವಾರಕ್ಕೊಮ್ಮೆ ಅದೇ ಲಸಿಕೆ. ಇಲಿ ಜ್ವರದ ಲಸಿಕೆ ವೈದ್ಯರ ಸಲಹೆಯಂತೆ.
3 ತಿಂಗಳು: ಹುಚ್ಚುನಾಯಿ ರೋಗದ ಲಸಿಕೆ.
ನಂತರ: ವೈದ್ಯರು ಬರೆದುಕೊಟ್ಟ ದಿನಾಂಕಗಳಂದು ಮರುಲಸಿಕೆ.
ಜಂತುಹುಳುವಿನ ಔಷಧಿ: ಮರಿಗೆ 2 ವಾರವಾದಂದಿನಿಂದ 15 ದಿನಕ್ಕೊಮ್ಮೆ, 3 ತಿಂಗಳ ನಂತರ ತಿಂಗಳಿಗೊಮ್ಮೆ, 6 ತಿಂಗಳ ನಂತರ 3 ತಿಂಗಳಿಗೊಮ್ಮೆ.

ಒಂದೇ ಚುಚ್ಚುಮದ್ದು ಹಾಕಿಸಿ ನಿಲ್ಲಿಸಿದ ಮರಿಗೆ ಪೂರ್ಣ ರಕ್ಷಣೆ ದೊರೆಯುವುದಿಲ್ಲ. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಮೊದಲ ಲಸಿಕೆಯನ್ನು ಕೆಲಸ ಮಾಡಗೊಡದಿರಬಹುದು. ಆದ್ದರಿಂದಲೇ ಮರುಲಸಿಕೆ ಅಗತ್ಯ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಸುಮಾರಿಗೆ ಹಲವೆಡೆ ಉಚಿತ ಲಸಿಕಾ ಶಿಬಿರಗಳು ನಡೆಯುತ್ತವೆ. ವಿಸ್ತರಣಾ ಕಾರ್ಯಕರ್ತರು ಗ್ರಾಮ ಪಂಚಾಯಿತಿ ಹಾಗೂ ಹಾಲಿನ ಸಂಘದ ಮೂಲಕ ಇದಕ್ಕೆ ಪ್ರಚಾರ ಕೊಡಬೇಕು.

ಕೀಟನಾಶಕ ಮತ್ತು ಇಲಿಪಾಷಾಣವನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ವಾರಕ್ಕೊಮ್ಮೆ ಕಿವಿಯ ಒಳಗೆ, ಬೆರಳುಗಳ ಸಂದಿನಲ್ಲಿ ಉಣ್ಣೆಗಳನ್ನು ಹುಡುಕಿ ತೆಗೆಯಿರಿ. ಮರಿ ಬೇಡವಾದ ಹೆಣ್ಣು ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸಿದರೆ ಗರ್ಭಕೋಶದ ಕೀವಿನ ಭಯವೂ ಇಲ್ಲ. ಒಂದು ಥರ್ಮಾಮೀಟರ್, ಶುಭ್ರವಾದ ಬಟ್ಟೆ, ಲಸಿಕೆಯ ಚೀಟಿ, ಹಗಲು ಹಾಗೂ ರಾತ್ರಿ ಸಿಗುವ ಪಶುವೈದ್ಯರ ಫೋನ್ ಸಂಖ್ಯೆ ಇವನ್ನು ಒಂದೇ ಡಬ್ಬಿಯಲ್ಲಿಟ್ಟು ಮನೆಯ ಎಲ್ಲರಿಗೂ ತೋರಿಸಿಡಿ. ಈ ತಿಂಗಳೇ ನಿಮ್ಮ ನಾಯಿಯ ಲಸಿಕೆಯ ಚೀಟಿಯನ್ನು ತೆಗೆದು ನೋಡಿ, ಅವಧಿ ಮುಗಿದಿದ್ದರೆ ಹತ್ತಿರದ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.